ಚೆನ್ನಮ್ಮನ ನಾಡಿನಲ್ಲಿ ಹೆಣ್ಣುಮಗಳ ಪಾಲು

ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗ ತಾಲೂಕುಗಳು ಕರಾವಳಿಯ ನಮ್ಮ ಓದುಗರಲ್ಲಿ ಹೆಚ್ಚಿನವರಿಗೆ ಶಾಲೆಯ ಪಠ್ಯಪುಸ್ತಕದ ಮೂಲಕವೇ ಪರಿಚಿತ. ಪುಣೆ-ಬೆಂಗಳೂರು ಹೆದ್ದಾರಿಯಲ್ಲಿ ಬೆಳಗಾವಿಯಿಂದ ಧಾರವಾಡಕ್ಕೆ ಹೋಗುವಾಗ ಕಿತ್ತೂರು ಸಿಗುತ್ತದೆ. ಅಲ್ಲಿಂದ ಈಶಾನ್ಯಕ್ಕೆ ಹೋದರೆ ಬೈಲಹೊಂಗಲ, ಇನ್ನೂ ಮುಂದೆ ಮಲಪ್ರಭಾ ನದಿಯ ಸೀಮೆಯಲ್ಲಿ ಸವದತ್ತಿ, ಜಿಲ್ಲೆಯ ಪೂರ್ವದ ಅಂಚಿನಲ್ಲಿ ನೇಕಾರರ ಊರಾದ ರಾಮದುರ್ಗ. ಮೊದಲು ಬೈಲಹೊಂಗಲ ತಾಲೂಕಿನೊಳಗೇ ಇದ್ದ ಕಿತ್ತೂರು ಈಗ ಸ್ವತಂತ್ರ ತಾಲೂಕು. ಕಬ್ಬು, ಹತ್ತಿ, ಜೋಳ ಬೆಳೆಯುವ ನಾಡಿದು.

ಈ ನಾಲ್ಕೂ ಕಡೆ ಜನರು ತಲೆಬಾಗುವುದು ಹೆಣ್ಣಿಗೆ. ಕಿತ್ತೂರಿನಲ್ಲಿ ರಾಣಿ ಚೆನ್ನಮ್ಮನ ಕೋಟೆಯಿದೆ, ಬೈಲಹೊಂಗಲದಲ್ಲಿ ಅವಳ ಸಮಾಧಿಯಿದೆ. 17ನೇ ಶತಮಾನದಲ್ಲಿ ಶಿವಾಜಿಯ ಸೈನ್ಯವನ್ನು ಎದುರಿಸಿದ ಬೆಳವಡಿ ಮಲ್ಲಮ್ಮನ ಊರು ಬೈಲಹೊಂಗಲ ತಾಲೂಕಿನಲ್ಲೇ ಇದೆ. ಅವಳು ಹೆಂಗಸರದ್ದೇ ಒಂದು ಪಡೆಯನ್ನು ಕಟ್ಟಿದ್ದಳೆಂದು ಅಲ್ಲಿಯವರು ಇಂದಿಗೂ ಅಭಿಮಾನದಿಂದ ಹೇಳುತ್ತಾರೆ. ಸವದತ್ತಿಯ ಗುಡ್ಡದ ಮೇಲೆ ರೇಣುಕಾ ಯಲ್ಲಮ್ಮನ ದೇವಸ್ಥಾನ. ರಾಮದುರ್ಗ ತಾಲೂಕಿನ ಸುರೇಬಾನದ ಬಳಿ, ರಾಮನಿಗಾಗಿ ಕಾದು ಕುಳಿತ ಶಬರಿಯ ಹೆಸರಿನ ಕೊಳ್ಳ. ಹೆಣ್ಣನ್ನು ಇಷ್ಟೊಂದು ಗೌರವಿಸುವ ನಾಡಿನಲ್ಲಿ ಹೆಣ್ಣುಮಕ್ಕಳ ಸಬಲೀಕರಣದ ಮಾತೇಕೆ ಎಂದು ಯಾರಾದರೂ ಕೇಳಬಹುದು. ಗೌರವ ಬೇರೆ, ಪಾಲು ಬೇರೆ. ಮನೆಯಲ್ಲಿ, ಹೊಲದಲ್ಲಿ, ಶಾಲೆಯಲ್ಲಿ, ತನ್ನ ಬದುಕಿನ ನಿರ್ಧಾರದಲ್ಲಿ ಹೆಣ್ಣುಮಗಳಿಗೆ ಸಿಗಬೇಕಾದ ಪಾಲಿನ ಬಗ್ಗೆ ಇಲ್ಲಿ ಬರೆಯುತ್ತಿದ್ದೇವೆ.

ಕಿತ್ತೂರಿನ ಇತಿಹಾಸವನ್ನೇ ಈ ದೃಷ್ಟಿಯಿಂದ ಒಮ್ಮೆ ನೋಡೋಣ. 1824ರಲ್ಲಿ ಕಿತ್ತೂರಿನ ದೊರೆ ಮಕ್ಕಳಿಲ್ಲದೆ ತೀರಿಕೊಂಡಾಗ, ಈಸ್ಟ್ ಇಂಡಿಯಾ ಕಂಪೆನಿ ಸಂಸ್ಥಾನದ ದತ್ತು ಮಗುವನ್ನು ಒಪ್ಪಲು ನಿರಾಕರಿಸಿತು. ಅಕ್ಟೋಬರ್ 23ರಂದು ನಡೆದ ಯುದ್ಧದಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಮಡಿದನು. ಡಿಸೆಂಬರಿನಲ್ಲಿ ದೊಡ್ಡ ಸೈನ್ಯ ಬಂದು ಕೋಟೆಯನ್ನು ವಶಪಡಿಸಿಕೊಂಡಿತು. ಬೈಲಹೊಂಗಲದ ಕೋಟೆಯಲ್ಲಿ ಸೆರೆಯಲ್ಲಿದ್ದ ಚೆನ್ನಮ್ಮ 1829ರ ಫೆಬ್ರವರಿ 21ರಂದು ಕೊನೆಯುಸಿರೆಳೆದಳು. ಇದು ಎಲ್ಲರಿಗೂ ಗೊತ್ತಿರುವ ವಿಷಯ. ನಾವು ಸಾಮಾನ್ಯವಾಗಿ ಗಮನಿಸದ ಒಂದು ಅಂಶವೆಂದರೆ, ಆ ಜಗಳದ ಬುಡದಲ್ಲಿದ್ದದ್ದು ಗಂಡು ವಾರಸುದಾರನ ಪ್ರಶ್ನೆ. ಯುದ್ಧವನ್ನು ನಡೆಸಬಲ್ಲ ಹೆಣ್ಣು ಕಣ್ಣೆದುರಿಗೇ ಇದ್ದರೂ, ಅವಳೇ ಏಕೆ ವಾರಸುದಾರಳಾಗಬಾರದು ಎಂಬ ಪ್ರಶ್ನೆ ಆ ವಿವಾದದಲ್ಲಿ ಬರಲೇ ಇಲ್ಲ. ಗಂಡುಮಗನಿಲ್ಲದ ಮನೆಯ ಗತಿಯೇನು? ಅರಮನೆಗೆ ಬಂದ ಈ ಪ್ರಶ್ನೆ ಬಡವರ ಗುಡಿಸಲಿಗೂ ಬಂದಿತ್ತು. ಗುಡಿಸಲಿನವರು ಅದಕ್ಕೆ ಕಂಡುಕೊಂಡ ಉತ್ತರ ಸವದತ್ತಿಯ ಗುಡ್ಡದ ಹೆಸರಿನಲ್ಲಿ ನಡೆದುಬಂತು.

ದೇವದಾಸಿ ಪದ್ಧತಿಯ ಬಗ್ಗೆ ಬರೆಯುವಾಗ ಒಂದು ಮಾತನ್ನು ಮೊದಲೇ ಸ್ಪಷ್ಟಪಡಿಸುತ್ತೇವೆ. ಯಲ್ಲಮ್ಮನ ಮೇಲೆ ಭಕ್ತಿಯಿಟ್ಟು ಗುಡ್ಡಕ್ಕೆ ಹೋಗುವ ಲಕ್ಷಾಂತರ ಜನರ ನಂಬಿಕೆಯನ್ನು ನಾವು ಇಲ್ಲಿ ಪ್ರಶ್ನಿಸುತ್ತಿಲ್ಲ. ಭಂಡಾರ ಹಚ್ಚಿಕೊಂಡು 'ಉಧೋ ಉಧೋ' ಎನ್ನುತ್ತಾ ಬರುವವರಲ್ಲಿ ಎಲ್ಲ ಜಾತಿಯವರೂ ಇದ್ದಾರೆ. ಹೊಸ್ತಿಲ ಹುಣ್ಣಿಮೆಯಿಂದ ಭಾರತ ಹುಣ್ಣಿಮೆಯವರೆಗೆ ಗುಡ್ಡದಲ್ಲಿ ಜನಸಾಗರ. ನಾವು ಪ್ರಶ್ನಿಸುತ್ತಿರುವುದು ದೇವಿಯ ಹೆಸರಿನಲ್ಲಿ ಮನುಷ್ಯರು ಚಿಕ್ಕ ಹುಡುಗಿಯರಿಗೆ ಮಾಡುತ್ತಾ ಬಂದದ್ದನ್ನು.

'ಮುತ್ತು ಕಟ್ಟುವುದು' ಎಂದರೆ ಕೆಂಪು-ಬಿಳಿ ಮಣಿಗಳ ಸರವನ್ನು ಹುಡುಗಿಯ ಕೊರಳಿಗೆ ಕಟ್ಟಿ ಅವಳನ್ನು ದೇವಿಗೆ ಬಿಡುವುದು. ಹೆಚ್ಚಿನವರು ಇನ್ನೂ ಮೈನೆರೆಯದ ಮಕ್ಕಳು, ಬಹುಪಾಲು ದಲಿತ ಕುಟುಂಬದವರು. ಮುತ್ತು ಕಟ್ಟಿಸಿಕೊಂಡವಳು ಯಾರನ್ನೂ ಮದುವೆಯಾಗುವಂತಿಲ್ಲ. ದೊಡ್ಡವಳಾದ ಮೇಲೆ ಊರಿನ ಒಬ್ಬ ಉಳ್ಳವನು ಅವಳನ್ನು ಇಟ್ಟುಕೊಳ್ಳುತ್ತಾನೆ, ಬೇಸರವಾದಾಗ ಬಿಡುತ್ತಾನೆ. ಹುಟ್ಟಿದ ಮಕ್ಕಳಿಗೆ ತಂದೆಯ ಹೆಸರಿಲ್ಲ, ಆಸ್ತಿಯಿಲ್ಲ. ಇಲ್ಲಿಂದ ಎಷ್ಟೋ ಹುಡುಗಿಯರು ಮುಂಬಯಿ, ಪುಣೆ, ಸಾಂಗ್ಲಿಯ ಕೆಂಪು ದೀಪದ ಬೀದಿಗಳನ್ನು ಸೇರಿದರು. ಹೊಸ್ತಿಲ ಹುಣ್ಣಿಮೆಗೆ ಆ ಸೀಮೆಯಲ್ಲಿ ರಂಡಿ ಹುಣ್ಣಿಮೆ ಎಂಬ ಇನ್ನೊಂದು ಹೆಸರಿದೆ. ಜಮದಗ್ನಿಯ ಮರಣದಿಂದ ದೇವಿ ವಿಧವೆಯಾದಳೆಂದು, ಅಂದು ದೇವದಾಸಿ ಹೆಂಗಸರು ಕೈಬಳೆ ಒಡೆದುಕೊಳ್ಳುವ ಆಚರಣೆ. ಬದುಕಿನಲ್ಲಿ ಮದುವೆಯ ಭಾಗ್ಯವನ್ನೇ ಕಾಣದವರಿಗೆ ವೈಧವ್ಯ ಮಾತ್ರ ವರ್ಷ ವರ್ಷವೂ ಬರುತ್ತದೆ!

ತಂದೆತಾಯಿಗಳು ಇದನ್ನು ಏಕೆ ಮಾಡಿದರು? ಮೂಢನಂಬಿಕೆ ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸುವುದು ಸುಲಭ. ಅದು ಇದ್ದದ್ದು ನಿಜ. ಎಣ್ಣೆ-ನೀರು ಕಾಣದ ತಲೆಯಲ್ಲಿ ಕೂದಲು ಗಂಟುಗಟ್ಟಿ ಜಡೆಯಾದರೆ, ದೇವಿ ಕರೆಯುತ್ತಿದ್ದಾಳೆ ಎಂದು ಹೆದರಿಸುತ್ತಿದ್ದರು. ಚರ್ಮರೋಗ, ಮನೆಯಲ್ಲಿ ಸಾವು, ಮಳೆ ಬಾರದಿರುವುದು, ಎಲ್ಲವೂ ಕಾರಣವಾಗುತ್ತಿತ್ತು. ಹಳ್ಳಿಯ ಉಳ್ಳವರಿಗೆ ಇದರಿಂದ ಅನುಕೂಲವಿತ್ತು ಎಂಬುದನ್ನೂ ಮರೆಯಬಾರದು. ಆದರೆ ಈ ಪದ್ಧತಿಯನ್ನು ಹತ್ತಿರದಿಂದ ಅಧ್ಯಯನ ಮಾಡಿದವರು ಮತ್ತು ಅದರಿಂದ ಹೊರಬಂದ ಹೆಂಗಸರು ಮತ್ತೆ ಮತ್ತೆ ಹೇಳುವ ಇನ್ನೊಂದು ಕಾರಣವಿದೆ. ಬರೀ ಹೆಣ್ಣುಮಕ್ಕಳಿದ್ದ ಮನೆಯಲ್ಲಿ ಒಬ್ಬ ಮಗಳಿಗೆ ಮುತ್ತು ಕಟ್ಟಿದರೆ ಅವಳು ಗಂಡನ ಮನೆಗೆ ಹೋಗುವುದಿಲ್ಲ, ತವರಿನಲ್ಲೇ ಉಳಿದು ಮುಪ್ಪಿನ ತಂದೆತಾಯಿಯನ್ನು ಸಾಕುತ್ತಾಳೆ. ಅಪ್ಪನ ಮನೆ, ತುಂಡು ಹೊಲ ಏನಾದರೂ ಇದ್ದರೆ ಅವಳಿಗೆ ಬರುತ್ತದೆ. ಅವಳ ಮಕ್ಕಳು ಆ ಮನೆತನದ ಹೆಸರನ್ನೇ ಮುಂದುವರಿಸುತ್ತಾರೆ. ಅಂದರೆ ಅವಳು ಮಗನ ಸ್ಥಾನವನ್ನು ತುಂಬುತ್ತಾಳೆ.

ಇದನ್ನು ನಮ್ಮ ಓದುಗರು ಸ್ವಲ್ಪ ನಿಧಾನವಾಗಿ ಯೋಚಿಸಬೇಕೆಂದು ಕೇಳಿಕೊಳ್ಳುತ್ತೇವೆ. ಮಗಳು ಮಗಳಾಗಿಯೇ ಇದ್ದುಕೊಂಡು ತಂದೆತಾಯಿಯ ವಾರಸುದಾರಳಾಗಲು, ಮದುವೆಯಾದ ಮೇಲೂ ಅವರನ್ನು ನೋಡಿಕೊಳ್ಳಲು ಸಮಾಜ ದಾರಿ ಕೊಡಲಿಲ್ಲ. ದಾರಿಯಿಲ್ಲದ ಬಡವರು ಅವಳ ದೇಹವನ್ನೇ ಒತ್ತೆಯಿಟ್ಟು ಅವಳಿಗೆ ಮಗನ ಸ್ಥಾನ ಕೊಡಿಸಿದರು. ಹೆಣ್ಣು-ಗಂಡಿನ ಸಮಾನತೆ ಪಟ್ಟಣದ ಓದಿದವರ ಭಾಷಣದ ವಿಷಯ ಎಂದು ತಿಳಿದವರಿದ್ದಾರೆ. ಸವದತ್ತಿಯ ಸೀಮೆಯಲ್ಲಿ ಅದರ ಕೊರತೆಗೆ ಏಳೆಂಟು ವರ್ಷದ ಹುಡುಗಿಯರು ಬೆಲೆ ತೆತ್ತಿದ್ದಾರೆ.

ಕಾನೂನು ಬಹಳ ಹಿಂದೆಯೇ ಬಂತು. ಬೆಳಗಾವಿ ಜಿಲ್ಲೆ ಆಗ ಮುಂಬಯಿ ಪ್ರಾಂತ್ಯದಲ್ಲಿದ್ದುದರಿಂದ ಮುಂಬಯಿ ದೇವದಾಸಿ ರಕ್ಷಣಾ ಕಾಯಿದೆ 1934ರಲ್ಲೇ ಇಲ್ಲಿಗೆ ಅನ್ವಯಿಸಿತು. (ರಾಮದುರ್ಗ ಆಗ ಬೇರೆಯೇ ಸಂಸ್ಥಾನ; ಅದು ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದು 1948ರಲ್ಲಿ.) ಕರ್ನಾಟಕದ ವಿಧಾನಮಂಡಲ 1982ರಲ್ಲಿ ದೇವದಾಸಿ ಸಮರ್ಪಣಾ ನಿಷೇಧ ಕಾಯಿದೆಯನ್ನು ಅಂಗೀಕರಿಸಿತು, 1984ರಲ್ಲಿ ಅದು ಜಾರಿಗೆ ಬಂತು. ಮುತ್ತು ಕಟ್ಟಿದವರಿಗೆ ಮೂರು ವರ್ಷದವರೆಗೆ ಸೆರೆ. ಕಟ್ಟಿಸಿದವರು ತಂದೆತಾಯಿ ಅಥವಾ ಸಂಬಂಧಿಕರಾಗಿದ್ದರೆ ಐದು ವರ್ಷದವರೆಗೆ. ಮುತ್ತು ಕಟ್ಟಿಸಿಕೊಂಡ ಹೆಣ್ಣು ಮದುವೆಯಾದರೆ ಆ ಮದುವೆ ಸಿಂಧು ಎಂದೂ ಅದು ಹೇಳಿತು. ಪರಿಣಾಮವೇನಾಯಿತು? ಗುಡ್ಡದಲ್ಲಿ ಬಹಿರಂಗವಾಗಿ ನಡೆಯುತ್ತಿದ್ದದ್ದು ನಿಂತಿತು. ಕೆಲವು ಕಡೆ ಅದು ಮನೆಯೊಳಗೆ, ರಾತ್ರಿಯ ಹೊತ್ತಿನಲ್ಲಿ, ಬೇರೆ ಊರಿನ ಸಣ್ಣ ಗುಡಿಗಳಲ್ಲಿ ಗುಟ್ಟಾಗಿ ಮುಂದುವರಿಯಿತು. ಕಾಯಿದೆ ಬಂದು ಹತ್ತು ವರ್ಷದ ನಂತರ, 1993-94ರಲ್ಲಿ ಮತ್ತು ಪುನಃ 2007-08ರಲ್ಲಿ ಸರಕಾರ ನಡೆಸಿದ ಸಮೀಕ್ಷೆಗಳಲ್ಲಿ ಗುರುತಿಸಲ್ಪಟ್ಟವರು ರಾಜ್ಯದಲ್ಲಿ ಒಟ್ಟು 46,660 ಮಂದಿ.

ಬದಲಾವಣೆ ಬಂದದ್ದು ಮುಖ್ಯವಾಗಿ ಆ ಹೆಂಗಸರಿಂದಲೇ. 1990ರ ದಶಕದ ಆರಂಭದಲ್ಲಿ ರಾಜ್ಯ ಮಹಿಳಾ ಅಭಿವೃದ್ಧಿ ನಿಗಮ ಮತ್ತು ಮೈರಾಡ ಸಂಸ್ಥೆ ಬೆಳಗಾವಿ ಜಿಲ್ಲೆಯಲ್ಲಿ ಪುನರ್ವಸತಿ ಕಾರ್ಯಕ್ರಮವನ್ನು ಕೈಗೊಂಡವು. ಅದರೊಳಗಿಂದ 1997ರಲ್ಲಿ 'ಮಾಸ್' ಹುಟ್ಟಿತು, ಅಂದರೆ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ. ಇದು ಮಾಜಿ ದೇವದಾಸಿಯರದ್ದೇ ಸಂಘಟನೆ. ಅದನ್ನು ಮುನ್ನಡೆಸಿದ ಸೀತವ್ವ ಜೋಡಟ್ಟಿಯವರು ಚಿಕ್ಕೋಡಿ ತಾಲೂಕಿನ ಕಬ್ಬೂರಿನವರು. ಏಳನೆಯ ವಯಸ್ಸಿಗೆ ಅವರ ಕೊರಳಿಗೆ ಮುತ್ತು ಬಿದ್ದಿತ್ತು. 2018ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ದೊರೆಯಿತು. ಹಳ್ಳಿ ಹಳ್ಳಿಯಲ್ಲಿ ಸ್ವಸಹಾಯ ಸಂಘಗಳನ್ನು ಕಟ್ಟುವುದು, ಜಡೆ ಬಂದವರ ಮನೆಗೆ ಹೋಗಿ ಧೈರ್ಯ ಹೇಳುವುದು, ಜಾತ್ರೆಯ ಕಾಲದಲ್ಲಿ ಜಾಗೃತಿ ಮೂಡಿಸುವುದು, ಮುತ್ತು ಕಟ್ಟುವ ಸುಳಿವು ಸಿಕ್ಕಿದಾಗ ತಡೆಯುವುದು, ಇವು ಆ ಹೆಂಗಸರ ಕೆಲಸ. ಅಥಣಿಯಲ್ಲಿ ವಕೀಲ ಬಿ.ಎಲ್. ಪಾಟೀಲರು 1985ರಲ್ಲಿ ಆರಂಭಿಸಿದ ವಿಮೋಚನಾ ಸಂಘ ಬೇರೊಂದು ದಾರಿ ಹಿಡಿಯಿತು. ದೇವದಾಸಿಯರ ಮಕ್ಕಳಿಗಾಗಿ ವಸತಿ ಶಾಲೆ ತೆರೆದು, ತಾಯಿಯ ಗತಿ ಮಗಳಿಗೆ ಬಾರದಂತೆ ನೋಡಿಕೊಳ್ಳುವುದು ಅದರ ಉದ್ದೇಶ. ಪೊಲೀಸರು ಹೇಳಿದಾಗ ಕೇಳದ ತಾಯಂದಿರು, ತಮ್ಮಂತೆಯೇ ನೊಂದ ಇನ್ನೊಬ್ಬ ಹೆಂಗಸು ಬಂದು ಪಕ್ಕದಲ್ಲಿ ಕುಳಿತು ಹೇಳಿದಾಗ ಕೇಳಿದರು. ಸಬಲೀಕರಣ ಎಂಬ ದೊಡ್ಡ ಶಬ್ದಕ್ಕೆ ನಮಗೆ ಗೊತ್ತಿರುವ ಒಳ್ಳೆಯ ಅರ್ಥ ಇದೇ.

ಆ ಮಕ್ಕಳಿಗೆ ಶಾಲೆಯ ಬಾಗಿಲಲ್ಲೇ ಒಂದು ಅವಮಾನ ಕಾದಿರುತ್ತಿತ್ತು. ಅರ್ಜಿಯಲ್ಲಿ 'ತಂದೆಯ ಹೆಸರು' ಎಂಬ ಕಲಂ. ಅದನ್ನು ಖಾಲಿ ಬಿಟ್ಟರೆ ಗುಮಾಸ್ತ ಎಲ್ಲರೆದುರು ಕೇಳುತ್ತಾನೆ, ದೇವರ ಹೆಸರು ಬರೆದರೆ ಸಹಪಾಠಿಗಳಿಗೆ ತಿಳಿಯುತ್ತದೆ. ಈ ಕಾರಣಕ್ಕೇ ಶಾಲೆ ಬಿಟ್ಟವರಿದ್ದಾರೆ. ಅವಿವಾಹಿತ ತಾಯಿ ತನ್ನ ಮಗುವಿನ ತಂದೆಯ ಹೆಸರನ್ನು ಹೇಳದೆಯೇ ಮಗುವಿನ ಪಾಲಕಿಯಾಗಬಹುದು ಎಂದು ಸುಪ್ರೀಂ ಕೋರ್ಟು 2015ರಲ್ಲಿ ತೀರ್ಪು ಕೊಟ್ಟಿತು. ಕರ್ನಾಟಕದ ವಿಧಾನಮಂಡಲ 2025ರಲ್ಲಿ ಅಂಗೀಕರಿಸಿದ ಹೊಸ ದೇವದಾಸಿ ವಿಧೇಯಕ ಇನ್ನೂ ಮುಂದೆ ಹೋಗಿದೆ. ತಂದೆಯ ಹೆಸರನ್ನು ನಮೂದಿಸಬೇಕೆಂದು ದೇವದಾಸಿಯರ ಮಕ್ಕಳನ್ನು ಒತ್ತಾಯಿಸುವಂತಿಲ್ಲ. ಮಕ್ಕಳು ಬಯಸಿದರೆ ತಂದೆ ಯಾರೆಂದು ಗುರುತಿಸಿಕೊಂಡು ಹಕ್ಕು ಕೇಳಲೂ ಅದರಲ್ಲಿ ಅವಕಾಶವಿದೆ. 1982ರ ಕಾಯಿದೆಯ ಗಮನವಿದ್ದದ್ದು ಮುತ್ತು ಕಟ್ಟುವವರನ್ನು ಶಿಕ್ಷಿಸುವುದರ ಮೇಲೆ. ಹುಟ್ಟಿದ ಮಗುವಿನ ಪಾಲಿನ ಬಗ್ಗೆ ಕಾನೂನು ಮಾತನಾಡಲು ನಾಲ್ಕು ದಶಕ ಬೇಕಾಯಿತು.

ಮುತ್ತು ಕಟ್ಟುವುದು ಕಡಿಮೆಯಾಗಿದೆ. ಆದರೆ ಹುಡುಗಿಯನ್ನು ಕೇಳದೆ ಅವಳ ಬದುಕನ್ನು ನಿರ್ಧರಿಸುವ ಇನ್ನೊಂದು ಪದ್ಧತಿ ಎಲ್ಲ ಜಾತಿಗಳಲ್ಲೂ ಇದೆ. ಅದು ಬಾಲ್ಯವಿವಾಹ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 20ರಿಂದ 24 ವರ್ಷದ ಹೆಂಗಸರಲ್ಲಿ ನೂರಕ್ಕೆ 21 ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು. ಅದಕ್ಕೂ ನಾಲ್ಕು ವರ್ಷ ಹಿಂದಿನ ಸಮೀಕ್ಷೆಯಲ್ಲೂ ಹೆಚ್ಚುಕಡಿಮೆ ಅಷ್ಟೇ ಇತ್ತು. "ಹುಡುಗಿ ದೊಡ್ಡಾಕಿ ಆಗ್ಯಾಳ, ಇನ್ನ ಸಾಲಿ ಯಾಕ?" ಎಂಬ ಮಾತು ಆ ಕಡೆ ಇನ್ನೂ ಕೇಳಿಬರುತ್ತದೆ. ಅಕ್ಕನ ಮದುವೆಗೆ ಹಾಕಿದ ಹಂದರದಲ್ಲೇ ತಂಗಿಯದ್ದೂ ಮುಗಿದರೆ ಊಟದ ಖರ್ಚು ಉಳಿಯುತ್ತದೆ, ಹುಡುಗ ಸೋದರಮಾವನೇ ಆದರೆ ಹೊಲ ಹೊರಗೆ ಹೋಗುವುದಿಲ್ಲ. ಪ್ರೀತಿಯಿಲ್ಲದ ತಂದೆತಾಯಿಗಳು ಹೀಗೆ ಮಾಡುತ್ತಾರೆಂದು ನಾವು ಹೇಳುವುದಿಲ್ಲ. ಹೈಸ್ಕೂಲು ಪಕ್ಕದ ಊರಿನಲ್ಲಿದ್ದು, ಬಸ್ಸು ಸಂಜೆ ತಡವಾಗಿ ಬಂದರೆ, ದಾರಿಯಲ್ಲಿ ಮಗಳಿಗೆ ಏನಾದೀತೋ ಎಂಬ ಹೆದರಿಕೆಯೂ ಇದರಲ್ಲಿ ಸೇರಿದೆ. 2023ರ ಜೂನ್‌ನಲ್ಲಿ ಸರಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಉಚಿತ ಪ್ರಯಾಣ ಆರಂಭವಾದ ಮೇಲೆ ಟಿಕೆಟಿನ ಚಿಂತೆ ತಪ್ಪಿದೆ; ಹೊತ್ತಿಗೆ ಸರಿಯಾಗಿ ಬಸ್ಸು ಬರುವುದು ಮಾತ್ರ ಇನ್ನೂ ಬೇಕಾಗಿದೆ. ರಾಮದುರ್ಗದಂತಹ ನೇಕಾರಿಕೆಯ ಊರುಗಳಲ್ಲಿ ಮನೆಯೇ ಕಾರ್ಖಾನೆ. ಮಗ್ಗದ ಮುಂದೆ ಕೂರುವವನಿಗೆ ಕೂಲಿಯ ಲೆಕ್ಕವಿದೆ, ಕಂಡಿಕೆ ಸುತ್ತಿಕೊಡುವ ಹೆಂಡತಿ ಮತ್ತು ಮಗಳಿಗೆ ಲೆಕ್ಕವೇ ಇಲ್ಲ. ಶಾಲೆ ಬಿಟ್ಟ ಹುಡುಗಿ ಮನೆಯಲ್ಲಿ ಸುಮ್ಮನೆ ಕುಳಿತಿದ್ದಾಳೆ ಎನ್ನುವವರು ಅವಳ ಕೈಯನ್ನು ನೋಡಬೇಕು.

2011ರ ಜನಗಣತಿಯಲ್ಲಿ ಬೆಳಗಾವಿ ಜಿಲ್ಲೆಯ ಗಂಡಸರಲ್ಲಿ ನೂರಕ್ಕೆ 82 ಮಂದಿ ಅಕ್ಷರಸ್ಥರು, ಹೆಂಗಸರಲ್ಲಿ ಸುಮಾರು 64. ದಕ್ಷಿಣ ಕನ್ನಡದಲ್ಲಿ ಹೆಂಗಸರ ಪ್ರಮಾಣ 84. ಮಂಗಳೂರಿನಲ್ಲಿ ಅಪೊಸ್ತಲಿಕ್ ಕಾರ್ಮೆಲ್ ಭಗಿನಿಯರು ಸಂತ ಆಗ್ನೆಸ್ ಮಹಿಳಾ ಕಾಲೇಜನ್ನು 1921ರಲ್ಲೇ ಆರಂಭಿಸಿದ್ದರು ಎಂಬುದನ್ನು ನೆನೆದರೆ ಈ ಅಂತರದ ಕಾರಣ ತಿಳಿಯುತ್ತದೆ. ನೂರು ವರ್ಷ ಮೊದಲು ಬಾಗಿಲು ತೆರೆದ ಕಡೆ ಅಜ್ಜಿಯೂ ಓದಿದ್ದಾಳೆ, ಆದ್ದರಿಂದ ಮೊಮ್ಮಗಳು ಓದಬೇಕೇ ಎಂಬ ಪ್ರಶ್ನೆ ಏಳುವುದಿಲ್ಲ.

ಕಿತ್ತೂರಿನಲ್ಲೂ ಅಂಥ ಒಂದು ಬಾಗಿಲು ಇದೆ. 1969ರಲ್ಲಿ ಸ್ಥಾಪನೆಯಾದ ಕಿತ್ತೂರು ರಾಣಿ ಚೆನ್ನಮ್ಮ ಬಾಲಕಿಯರ ವಸತಿ ಸೈನಿಕ ಶಾಲೆ. ಓದಿನ ಜೊತೆಗೆ ಕವಾಯತು, ಕುದುರೆ ಸವಾರಿ ಎಲ್ಲವನ್ನೂ ಕಲಿಸುವ ಶಾಲೆ. ಆದರೆ ಸೈನ್ಯದ ಅಧಿಕಾರಿಗಳನ್ನು ತಯಾರು ಮಾಡುವ ರಾಷ್ಟ್ರೀಯ ರಕ್ಷಣಾ ಅಕಾಡೆಮಿ, ಅಂದರೆ ಎನ್.ಡಿ.ಎ., ಹುಡುಗಿಯರ ಅರ್ಜಿಯನ್ನು ತೆಗೆದುಕೊಳ್ಳುತ್ತಲೇ ಇರಲಿಲ್ಲ. ಸುಪ್ರೀಂ ಕೋರ್ಟು 2021ರಲ್ಲಿ ಆದೇಶಿಸಿದ ಮೇಲೆ 2022ರಲ್ಲಿ ಹುಡುಗಿಯರ ಮೊದಲ ತಂಡ ಅಲ್ಲಿಗೆ ಸೇರಿತು, 2025ರ ಮೇ ತಿಂಗಳಲ್ಲಿ 17 ಮಂದಿ ತರಬೇತಿ ಮುಗಿಸಿ ಹೊರಬಂದರು. 1969ರಿಂದ 2022ರವರೆಗೆ ಲೆಕ್ಕ ಹಾಕಿದರೆ 53 ವರ್ಷ. ಯುದ್ಧ ಮಾಡಿದ ರಾಣಿಯ ಹೆಸರಿನಲ್ಲಿ ಹುಡುಗಿಯರಿಗೆ ಸೈನಿಕ ಶಾಲೆ ಕಟ್ಟಿದೆವು. ಆ ಶಾಲೆಯ ಮುಂದಿನ ಮೆಟ್ಟಿಲನ್ನು ಅರ್ಧ ಶತಮಾನ ಗಂಡುಮಕ್ಕಳಿಗೆ ಮಾತ್ರ ಇಟ್ಟೆವು. 2007ರಲ್ಲಿ ಸಂಸತ್ ಭವನದ ಆವರಣದಲ್ಲಿ ಚೆನ್ನಮ್ಮನ ಪ್ರತಿಮೆ ಅನಾವರಣಗೊಂಡಾಗಲೂ ಆ ಬಾಗಿಲು ಮುಚ್ಚಿಯೇ ಇತ್ತು.

ಇನ್ನು ಹೊಲ-ಮನೆಯ ವಿಷಯ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಪಾಲು ಎಂಬ ತಿದ್ದುಪಡಿ ಕರ್ನಾಟಕದಲ್ಲಿ 1994ರಲ್ಲೇ ಜಾರಿಗೆ ಬಂತು, ಆದರೆ ಅದು ಆಗ ಮದುವೆಯಾಗದಿದ್ದವರಿಗೆ ಮಾತ್ರ. 2005ರಲ್ಲಿ ಇಡೀ ದೇಶದ ಹಿಂದೂ ಉತ್ತರಾಧಿಕಾರ ಕಾಯಿದೆಯೇ ತಿದ್ದುಪಡಿಯಾಯಿತು. ಆ ದಿನ ತಂದೆ ಬದುಕಿದ್ದರೂ ಇಲ್ಲದಿದ್ದರೂ ಮಗಳ ಹಕ್ಕು ಹುಟ್ಟಿನಿಂದಲೇ ಬಂದದ್ದು ಎಂದು 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿತು. ಕಾಗದದ ಮೇಲೆ ಎಲ್ಲವೂ ಸರಿ. ಆದರೆ ಪಾಲು ಕೇಳಿದ ಮಗಳಿಗೆ ತವರಿನ ಬಾಗಿಲು ಮುಚ್ಚುತ್ತದೆ. ಪಂಚಮಿಗೆ ಅಣ್ಣ ಕರೆಯಲು ಬರುವುದಿಲ್ಲ, ಸೀರೆ-ಕುಪ್ಪಸ ಸಿಗುವುದಿಲ್ಲ. ಆ ಭಯಕ್ಕೆ ಎಷ್ಟೋ ಹೆಣ್ಣುಮಕ್ಕಳು ಅಣ್ಣಂದಿರು ತಂದ ಹಕ್ಕುಬಿಡುಗಡೆ ಪತ್ರಕ್ಕೆ ಓದದೆಯೇ ಸಹಿ ಮಾಡುತ್ತಾರೆ. ಘಟ್ಟದ ಮೇಲಿನವರ ಬಗ್ಗೆ ಹೇಳುವಾಗ ನಾವು ಕರಾವಳಿಯವರು ಬೀಗುವಂತಿಲ್ಲ. ಕ್ರೈಸ್ತರಿಗೆ ಅನ್ವಯಿಸುವ 1925ರ ಭಾರತೀಯ ಉತ್ತರಾಧಿಕಾರ ಕಾಯಿದೆ ಮಗ-ಮಗಳೆಂಬ ಭೇದ ಮಾಡುವುದಿಲ್ಲ. ಆದರೂ ಕೊಂಕಣಿಯಲ್ಲಿ 'ದೋತ್' ಎನ್ನುವ ವರದಕ್ಷಿಣೆಯನ್ನು ಕೊಟ್ಟಾಯಿತು, ಇನ್ನು ಅವಳಿಗೆ ಪಾಲೇನು ಎಂದು ಕೇಳುವ ಮನೆಗಳು ನಮ್ಮ ಧರ್ಮಕೇಂದ್ರಗಳಲ್ಲಿ ಇಲ್ಲವೇ?

ಮಗಳ ಪಾಲು ಆಸ್ತಿಯ ಪ್ರಶ್ನೆ ಮಾತ್ರ ಅಲ್ಲ ಎಂಬುದಕ್ಕೆ ಮುತ್ತು ಕಟ್ಟುವ ಪದ್ಧತಿಯೇ ಸಾಕ್ಷಿ. ಮಗಳಿಗೆ ಹೊಲದಲ್ಲಿ ಹಕ್ಕಿದೆ, ಮುಪ್ಪಿನಲ್ಲಿ ಅವಳೂ ನಮ್ಮನ್ನು ನೋಡಿಕೊಳ್ಳಬಲ್ಲಳು ಎಂದು ತಂದೆತಾಯಿ ನಂಬಿದ ಮನೆಯಲ್ಲಿ, ಮಗನಿಲ್ಲ ಎಂಬ ಕಾರಣಕ್ಕೆ ಅವಳನ್ನು ದೇವಿಗೆ ಬಿಡುವ ಅಗತ್ಯವಿಲ್ಲ. ಹದಿನಾರಕ್ಕೇ ಮದುವೆ ಮಾಡಿ ಭಾರ ಇಳಿಸಿಕೊಳ್ಳುವ ಅವಸರವೂ ಇರುವುದಿಲ್ಲ. ಆದ್ದರಿಂದ ಈ ತಾಲೂಕುಗಳಲ್ಲಿ ಕೆಲಸ ಮಾಡುವವರು ಶಾಲೆ, ಮದುವೆಯ ವಯಸ್ಸು ಮತ್ತು ಆಸ್ತಿ, ಈ ಮೂರನ್ನೂ ಒಟ್ಟಿಗೆ ಹಿಡಿಯಬೇಕಾಗುತ್ತದೆ.

ಬಾಲ್ಯವಿವಾಹವನ್ನು ತಡೆಯುವುದು ಹೇಗೆ ಎಂದು ತಿಳಿದಿರುವುದು ಎಲ್ಲಿಯವರಿಗಾದರೂ ಒಳ್ಳೆಯದು. 2006ರ ಕಾಯಿದೆಯ ಪ್ರಕಾರ ಮದುವೆ ಮಾಡಿಸಿದವರಿಗೆ ಎರಡು ವರ್ಷದವರೆಗೆ ಸೆರೆ, ಒಂದು ಲಕ್ಷ ರೂಪಾಯಿವರೆಗೆ ದಂಡ ಇದೆ. ಕರ್ನಾಟಕ ತಂದ ತಿದ್ದುಪಡಿಯಿಂದ ಇಲ್ಲಿ ಅಂಥ ಮದುವೆ ಮೊದಲಿನಿಂದಲೇ ಅಸಿಂಧು. ಮದುವೆ ನಡೆಯುವ ಮೊದಲೇ ನ್ಯಾಯಾಲಯದಿಂದ ತಡೆಯಾಜ್ಞೆ ತರಬಹುದು. ವಯಸ್ಸಿಗೆ ಶಾಲೆಯ ದಾಖಲೆ ಅಥವಾ ಜನನ ಪ್ರಮಾಣಪತ್ರವನ್ನು ಕೇಳಬೇಕು. ಅವಸರದಲ್ಲಿ ಎಲ್ಲಿಂದಲೋ ಬರೆಸಿಕೊಂಡು ಬಂದ ವಯಸ್ಸಿನ ಚೀಟಿಯನ್ನು ನಂಬಬಾರದು. ತಹಸೀಲ್ದಾರರು, ಗ್ರಾಮ ಪಂಚಾಯತಿಯ ಪಿಡಿಒ, ಶಾಲೆಯ ಮುಖ್ಯೋಪಾಧ್ಯಾಯರು ಇವರಿಗೆಲ್ಲ ತಡೆಯುವ ಜವಾಬ್ದಾರಿಯಿದೆ. ಹತ್ತನೆಯ ತರಗತಿಯ ಹುಡುಗಿ ನಾಲ್ಕು ದಿನ ಶಾಲೆಗೆ ಬಾರದಿದ್ದರೆ ಮೊದಲು ತಿಳಿಯುವುದು ಅವಳ ಪಕ್ಕದಲ್ಲಿ ಕುಳಿತುಕೊಳ್ಳುವ ಗೆಳತಿಗೆ, ಆಮೇಲೆ ಹಾಜರಿ ಕರೆಯುವ ಟೀಚರಿಗೆ. ಮಕ್ಕಳ ಸಹಾಯವಾಣಿ 1098ಕ್ಕೆ ಅವರಲ್ಲಿ ಯಾರು ಬೇಕಾದರೂ ಫೋನ್ ಮಾಡಬಹುದು. ಹಣ ಕೊಡಬೇಕಾಗಿಲ್ಲ, ಹೆಸರು ಹೇಳಲೇಬೇಕೆಂದೂ ಇಲ್ಲ.